ಹೂಂ ಎನ್ನದ ಮೂಲೆ

ಒದ್ದೆ ಸ್ಲೇಟಿನ ವಾಸನೆ ಬಂದರೆ ಇವತ್ತಿಗೂ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಚಿಕ್ಕಂದಿನಲ್ಲಿ ನಾವು ಸ್ಲೇಟನ್ನು ತೊಂಡೆ ಎಲೆಯಿಂದ ಉಜ್ಜಿ ಒರೆಸುತ್ತಿದ್ದೆವು. ಎಲೆಯ ಹಸಿರು ರಸ, ಬಳಪದ ಪುಡಿ, ಕಲ್ಲಿನ ತಂಪು ಮೂರೂ ಬೆರೆತ ವಾಸನೆ ಅದು. ಶಾಲೆಯಲ್ಲಿ ಬೆಳಗ್ಗೆ ಬರುತ್ತಿತ್ತು. ಮನೆಯಲ್ಲಿ ಸಂಜೆ, ದೀಪ ಹಚ್ಚಿದ ಮೇಲೆ, ಪಡಸಾಲೆಯ ಖಾಲಿ ಮೂಲೆಯಿಂದ, ಸ್ಲೇಟೂ ಇಲ್ಲದೆ ಎಲೆಯೂ ಇಲ್ಲದೆ ಬರುತ್ತಿತ್ತು. ಬಂದ ಕೂಡಲೇ ಅಮ್ಮ ಮಾತು ನಿಲ್ಲಿಸಿ ನಮ್ಮ ಕಡೆ ಒಂದು ಬೆರಳೆತ್ತುತ್ತಿದ್ದಳು. ನಾವು ಉಸಿರು ಹಿಡಿಯುತ್ತಿದ್ದೆವು. ಆಮೇಲೆ ಮೂಲೆ ‘ಹೂಂ’ ಅನ್ನುತ್ತಿತ್ತು.

ಕತೆ ಕೇಳುತ್ತಾ ಅರೆನಿದ್ದೆಗೆ ಜಾರಿದವರು, ಮುಂದೆ ಹೇಳು, ನಾನು ಎಚ್ಚರವಾಗಿದ್ದೇನೆ ಎನ್ನಲು ‘ಹೂಂ’ ಅನ್ನುತ್ತಾರಲ್ಲ, ಅಂಥದ್ದು. ಗಂಡಿನ ದನಿಯೋ ಹೆಣ್ಣಿನ ದನಿಯೋ ಹೇಳಲು ಬರುವುದಿಲ್ಲ.

ನಮ್ಮೂರಿನಲ್ಲಿ ಪ್ರತಿ ಮನೆಯಲ್ಲೂ ಒಂದು ಮೂಲೆ ಖಾಲಿ ಇರುತ್ತದೆ. ಅಲ್ಲಿ ಕುರ್ಚಿ ಹಾಕುವುದಿಲ್ಲ, ಪೊರಕೆ ಒರಗಿಸುವುದಿಲ್ಲ, ಮಗು ಆಡುತ್ತಾ ಅತ್ತ ತೆವಳಿದರೆ ಎತ್ತಿ ಈಚೆ ಕೂರಿಸುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಮನೆಯವರಲ್ಲಿ ಒಬ್ಬರು ಆ ಮೂಲೆಯ ಮುಂದೆ ಕೂತು ಅಂದು ಕಂಡದ್ದರಲ್ಲಿ ಒಂದನ್ನು ಹೇಳುತ್ತಾರೆ. ಬೆರಗು ಹುಟ್ಟಿಸಿದ್ದು, ಯಾರೋ ಯಾರಿಗೋ ಮಾಡಿದ ಉಪಕಾರ, ಇಲ್ಲವೇ ಕಾರಣವೇ ಇಲ್ಲದೆ ಮನಸ್ಸು ತುಂಬಿದ್ದು. ಇದಕ್ಕೆ ಒಪ್ಪಿಸುವುದು ಎನ್ನುತ್ತಾರೆ, ಮಕ್ಕಳು ಮೇಷ್ಟರಿಗೆ ಪಾಠ ಒಪ್ಪಿಸಿದ ಹಾಗೆ. ಸಂತೆಯಲ್ಲಿ ಹೊತ್ತಾಗಿಬಿಟ್ಟರೆ ಹೆಂಗಸರು ಇನ್ನೂ ಒಪ್ಪಿಸಿಲ್ಲ ಕಣೇ ಎಂದು ಚೀಲ ಎತ್ತಿಕೊಂಡು ಓಡುತ್ತಾರೆ. ಒಪ್ಪಿಸಿದ್ದು ಸರಿಯಿದ್ದರೆ ಮೂಲೆ ಹೂಂಗುಟ್ಟುತ್ತದೆ. ಅದು ಯಾರು, ಯಾಕೆ ಎಂದು ನಾನು ಯಾರನ್ನೂ ಕೇಳಿದ್ದಿಲ್ಲ. ಉಪ್ಪು ಯಾಕೆ ಉಪ್ಪಗಿದೆ ಎಂದು ಯಾರಾದರೂ ಕೇಳುತ್ತಾರೆಯೇ.

ಹೂಂ ಬರದೆ ಹೋದ ಮನೆಗಳೂ ಇದ್ದವು. ನನಗೆ ಏಳು ವರ್ಷವಿದ್ದಾಗ ಅಮ್ಮನ ಕೈ ಹಿಡಿದು ಪೇಟೆಗೆ ಹೋಗುತ್ತಿದ್ದೆ. ದಾರಿಯಲ್ಲಿ ಈರಣ್ಣಾಚಾರಿಯ ಗಡಿಯಾರದ ಅಂಗಡಿ. ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು. ಒಳಗೆ ಗೋಡೆ ತುಂಬ ಗಡಿಯಾರಗಳು, ಎಲ್ಲವೂ ಸರಿಯಾದ ಸಮಯ ತೋರಿಸುತ್ತಿದ್ದವು. ಕೀಲಿ ಕೊಡುವವರು ಮಾತ್ರ ಕಾಣುತ್ತಿರಲಿಲ್ಲ. ಅಮ್ಮ ಅಲ್ಲಿಗೆ ಬಂದಾಗ ಸೆರಗು ಸರಿಮಾಡಿಕೊಂಡು, ಆಚಾರ್ರೇ ಕ್ಷೇಮವೇ, ಎಂದು ಖಾಲಿ ಬೆಂಚಿಗೆ ಹೇಳಿ ಮುಂದೆ ಹೋಗುತ್ತಿದ್ದಳು. ಅಲ್ಲಿ ಯಾರೂ ಇಲ್ಲವಲ್ಲಮ್ಮ ಎಂದೆ ಒಂದು ದಿನ.

“ಇದ್ದಾರೆ,” ಎಂದಳು ಅಮ್ಮ. “ನಮಗೆ ಅವರಿಗೆ ಓಗೊಡೋದು ಮರೆತುಹೋಗಿದೆ, ಅಷ್ಟೆ.”

ಅಂಥವರನ್ನು ಊರಿನಲ್ಲಿ ಹೂಂ ಇಲ್ಲದವರು ಎನ್ನುತ್ತಿದ್ದರು. ಸತ್ತವರಲ್ಲ. ನಡೆಯುತ್ತಾರೆ, ಉಣ್ಣುತ್ತಾರೆ, ಕರೆಯುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ಕಿಕ್ಕಿರಿದ ಬಸ್ಸಿನಲ್ಲಿ ಒಂದು ಸೀಟು ಖಾಲಿ ಇದ್ದು, ಯಾರಿಗೂ ಅಲ್ಲಿ ಕೂರುವ ಮನಸ್ಸು ಬಾರದಿದ್ದರೆ, ಹಿರಿಯರು ಆ ಸೀಟಿನತ್ತ ತಲೆ ಬಾಗಿಸುತ್ತಿದ್ದರು.

ಬಿ.ಎ. ಮುಗಿಸಿ, ಮದುವೆಯಾಗಿ, ಮೂರು ಬೀದಿ ಆಚೆಯ ಈ ಮನೆಗೆ ನಾನು ಬಂದ ವಾರವೇ ಅತ್ತೆ ದೀಪದ ಮುಂದಿನ ಮಣೆಯನ್ನು ನನಗೆ ಬಿಟ್ಟುಕೊಟ್ಟರು. ಓದಿದವಳು, ನಾಲ್ಕು ಮಾತು ಚೆನ್ನಾಗಿ ಜೋಡಿಸುತ್ತೀ, ಒಪ್ಪಿಸುವುದು ಇನ್ನು ನಿನ್ನದು ಎಂದರು. ಎರಡು ವರ್ಷದ ಮೇಲೆ ಮೈದುನನ ಹೆಂಡತಿಯಾಗಿ ದೇವೀರಿ ಬಂದಳು. ಪೂರ್ತಿ ಹೆಸರು ದೇವೀರಮ್ಮ. ನಾಲ್ಕನೇ ಇಯತ್ತೆ ಓದಿದ್ದಳು. ಅವಳಿಗೆ ಒಲೆ ಸಿಕ್ಕಿತು. ಓರಗಿತ್ತಿಯರ ನಡುವೆ ಇರುವ ಸಣ್ಣಪುಟ್ಟ ಮುನಿಸು ನಮ್ಮಲ್ಲೂ ಇತ್ತು. ಅವಳು ಪಾತ್ರೆ ಸದ್ದು ಮಾಡುತ್ತಾಳೆ ಎಂದು ನನಗೆ, ನಾನು ಸದ್ದಿಲ್ಲದೆ ಕೊಂಕು ನುಡಿಯುತ್ತೇನೆ ಎಂದು ಅವಳಿಗೆ. ಅವಳಿಗೆ ಮೂವತ್ತರ ಹೊತ್ತಿಗೆ ವಿಷಮಶೀತ ಜ್ವರ ಬಂತು, ಹೋಗುವಾಗ ಎರಡೂ ಕಿವಿಯನ್ನೂ ಮೂಗಿನ ವಾಸನೆಯನ್ನೂ ತೆಗೆದುಕೊಂಡು ಹೋಯಿತು. ಆಮೇಲೆ ಅವಳ ಪಾತ್ರೆಯ ಸದ್ದು ಇನ್ನೂ ಜೋರಾಯಿತು. ಅತ್ತೆ ಹೋದರು. ನನ್ನವರು ಹೋದರು, ಮೂರು ವರ್ಷದಲ್ಲಿ ಅವಳವರೂ ಹೋದರು. ಇಬ್ಬರಿಗೂ ಮಕ್ಕಳಾಗಲಿಲ್ಲ. ಈ ಮನೆಯಲ್ಲಿ ನಾವಿಬ್ಬರೇ ಇಪ್ಪತ್ತೆರಡು ವರ್ಷ ಇದ್ದೆವು.

ನಾನು ಒಪ್ಪಿಸುವುದನ್ನು ಕೇಳಲು ಬೀದಿಯ ಹೆಂಗಸರು ಜಗಲಿಗೆ ಬಂದು ಕೂರುತ್ತಿದ್ದ ಕಾಲವಿತ್ತು. ಹೆಮ್ಮೆಯಿಂದ ಹೇಳುತ್ತಿಲ್ಲ, ಹೆಮ್ಮೆ ಇತ್ತು ಎಂದು ಒಪ್ಪಿಕೊಳ್ಳುತ್ತಿದ್ದೇನೆ. ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ, ಮಾತು ಚೆನ್ನಾಗಿ ಬರಲಿ ಎಂದು. ನಿದ್ದೆ ಹೋದ ಮುದುಕನ ಊರು ಬಂದಾಗ ಕಂಡಕ್ಟರು ಅವನನ್ನು ಕೂಗಿ ಎಬ್ಬಿಸದೆ, ಪಕ್ಕದ ಕಿಟಕಿಯ ಗಾಜನ್ನು ಉಗುರಿನಿಂದ ಮೆಲ್ಲಗೆ ತಟ್ಟಿದ್ದು. ಕಬ್ಬಿನ ಹಾಲಿನ ಅಂಗಡಿಯವನು ಹಿಂಡಿ ಉಳಿದ ಸಿಪ್ಪೆಯನ್ನು ಒಂದು ಬದಿಗೆ ಹರಡಿ, ಜೇನುಹುಳಗಳಿಗೆ ಇದು ನಿಮ್ಮದು, ಆ ಕಡೆ ಬರಬೇಡಿ ಎಂದು ಗಂಭೀರವಾಗಿ ಹೇಳಿದ್ದು. ಒಬ್ಬಳು ಹುಡುಗಿ ತನ್ನ ಕೊಡೆಯನ್ನು ನೆನೆಯುತ್ತಿದ್ದ ಹೂವಿನ ಬುಟ್ಟಿಗೆ ಹಿಡಿದು ತಾನು ನೆನೆದದ್ದು. ಇಂಥವು ಒಂದು ದಿನಕ್ಕೆ ಒಂದು ಸಾಕು. ನನ್ನ ಕಣ್ಣಿಗೆ ಮೂರು ನಾಲ್ಕು ಬೀಳುತ್ತಿದ್ದವು. ಮಿಕ್ಕವನ್ನು ಚೀಟಿಯಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹಾಕಿಡತೊಡಗಿದೆ. ಬಿಸಿಲಿದ್ದಾಗ ಸಂಡಿಗೆ ಮಾಡಿ ಒಣಗಿಸಿ ಮಳೆಗಾಲಕ್ಕೆ ಇಟ್ಟುಕೊಳ್ಳುವುದಿಲ್ಲವೇ, ಹಾಗೆ. ಓದಿದವಳ ಬುದ್ಧಿವಂತಿಕೆ ಎಂದುಕೊಂಡಿದ್ದೆ. ಇಷ್ಟು ದೊಡ್ಡ ಊರಿನಲ್ಲಿ ಇದು ಇನ್ನೊಬ್ಬರಿಗೆ ಯಾಕೆ ಹೊಳೆಯಲಿಲ್ಲ ಎಂದು ಆಶ್ಚರ್ಯವೂ ಆಗಿತ್ತು.

ನಾವಿಬ್ಬರೇ ಉಳಿದ ಮೇಲಿನ ಒಂದು ಆಷಾಢದಲ್ಲಿ ನನ್ನ ಮಂಡಿಗಳು ಕೈಕೊಟ್ಟವು. ನಮ್ಮೂರು ಬಂಡೆಯ ಇಳಿಜಾರಿನಲ್ಲಿದೆ, ಬೀದಿಗಳೆಲ್ಲ ಮೆಟ್ಟಿಲು. ಡಾಕ್ಟರು ಎರಡು ತಿಂಗಳು ಹೊಸ್ತಿಲು ದಾಟಬೇಡಿ ಎಂದರು. ನನಗೆ ಚಿಂತೆಯಾಗಲಿಲ್ಲ, ಡಬ್ಬಿ ತುಂಬಿತ್ತು. ಮೊದಲ ಸಂಜೆ ಒಂದು ಚೀಟಿ ತೆಗೆದು ಓದಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಒಪ್ಪಿಸಿದೆ. ಅಗಸರವನು ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಸಿಕ್ಕ ಹಳೆಯ ಕಾಗದವನ್ನು ಒಣಗಿಸಿ, ಇಸ್ತ್ರಿ ಮಾಡಿ, ಬಟ್ಟೆಯ ಜೊತೆಗೇ ಮಡಚಿ ಕೊಟ್ಟಿದ್ದ ಸಂಗತಿ ಅದು. ನನಗೆ ತುಂಬ ಪ್ರಿಯವಾದದ್ದು. ಹೇಳಿ ಕಾದೆ. ವಾಸನೆ ಬರಲಿಲ್ಲ. ಮೂಲೆ ಏನೂ ಅನ್ನಲಿಲ್ಲ.

ಕಣ್ಣು ತೆರೆದು ಪಕ್ಕಕ್ಕೆ ಹೊರಳಿದರೆ ದೇವೀರಿ. ಅವಳಿಗೆ ಹೂಂ ಕೇಳಿಸದು. ಎಷ್ಟೋ ವರ್ಷದಿಂದ ನಾನು ಒಪ್ಪಿಸುವಾಗ ಅವಳು ಪಕ್ಕಕ್ಕೆ ತುಸು ಹಿಂದೆ, ದೀಪದ ಆಚೆ ಕೂತು ನನ್ನ ಮುಖ ನೋಡುತ್ತಾಳೆ. ಹೂಂ ಬಂದಾಗ ನನ್ನ ಮುಖ ಸಡಿಲವಾಗುತ್ತದೆ, ಅದನ್ನು ಕಂಡು ಅವಳು ಎದ್ದು ಒಲೆಯತ್ತ ಹೋಗುತ್ತಾಳೆ. ಅವತ್ತು ನಾನು ಮುಖ ಸಡಿಲ ಮಾಡಿದೆ. ಅಷ್ಟೇ ಮಾಡಿದ್ದು. ಅವಳು ಎದ್ದು ಒಲೆಯತ್ತ ಹೋದಳು.

ಮರುದಿನ ಇನ್ನೊಂದು ಚೀಟಿ, ಅದರ ಮರುದಿನ ಮತ್ತೊಂದು. ಮೂಲೆ ಸುಮ್ಮನಿತ್ತು. ನಾನು ಮುಖ ಸಡಿಲ ಮಾಡುತ್ತಲೇ ಇದ್ದೆ. ಒಂದು ವಾರದ ಮೇಲೆ ಮನೆಯ ಸದ್ದುಗಳು ದೂರ ಹೋದ ಹಾಗೆ ಅನ್ನಿಸತೊಡಗಿತು. ನಮ್ಮ ಕುಕ್ಕರಿನ ಸೀಟಿ ಪಕ್ಕದ ಮನೆಯದೇನೋ ಎಂಬಂತೆ ಕೇಳುತ್ತಿತ್ತು. ಗೋಡೆಯ ಮೇಲಿನ ಹಲ್ಲಿ ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತು, ಲೊಚಗುಟ್ಟಿದ್ದು ಕೇಳುತ್ತಿರಲಿಲ್ಲ.

ಹಾಲು ಹಾಕುವ ಪುಟ್ಟತಾಯಿ ಒಂದು ಬೆಳಗ್ಗೆ ಬಾಗಿಲಲ್ಲಿ ನಿಂತು, ಒಬ್ಬರಿಗೆ ಅರ್ಧ ಲೀಟರು ಜಾಸ್ತಿಯಾಗಲ್ವೇ ಅಮ್ಮ, ಕಾಲು ಸಾಕಲ್ಲ ಎಂದು ಕೇಳಿದಳು. ನನ್ನನ್ನು ನೋಡಿಕೊಂಡು ಕೇಳಿದಳು. ಅವಳು ಹಾಲು ಸುರಿಯುತ್ತಿದ್ದ ಪಾತ್ರೆಯನ್ನು ಹಿಡಿದು ನಿಂತಿದ್ದವಳು ದೇವೀರಿ. ಹಾಲು ಪಾತ್ರೆಗೆ ಬೀಳುತ್ತಿತ್ತು, ಪುಟ್ಟತಾಯಿಯ ಕಣ್ಣು ಪಾತ್ರೆಯ ಅಂಚಿನವರೆಗೆ ಬಂದು, ಅಲ್ಲಿಂದ ಹಿಡಿದ ಕೈಗೆ ಹತ್ತದೆ, ಬಾಗಿಲ ಚೌಕಟ್ಟಿಗೆ ಜಾರುತ್ತಿತ್ತು.

ದೇವೀರಿ ಒಳಗೆ ಬಂದು, ಪುಟ್ಟತಾಯಿಗೆ ಕೊಬ್ಬು ಬಂದಿದೆ ಅಕ್ಕ, ಈಗೀಗ ನನ್ನ ಮುಖಾನೇ ನೋಡಲ್ಲ ಎಂದು ನಕ್ಕಳು.

ಎದುರುಮನೆಯಲ್ಲಿ ಕುಸುಮ ಎಂಬವಳಿದ್ದಾಳೆ. ರವಿಕೆ ಹೊಲಿಯುತ್ತಾಳೆ. ಅವಳ ಹೊಲಿಗೆ ಯಂತ್ರ ಕಿಟಕಿಗೆ ಒತ್ತಿಕೊಂಡೇ ಇದೆ. ದೇವೀರಿ ಮಧ್ಯಾಹ್ನ ನಮ್ಮ ಜಗಲಿಗೆ ಬಂದು ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದರೆ, ಊಟ ಆಯ್ತಾ ಎಂದರ್ಥ. ಕುಸುಮ ಯಂತ್ರ ನಿಲ್ಲಿಸಿ, ಹೊಟ್ಟೆ ತಡವಿಕೊಂಡು ಆಯ್ತು ಎಂದೋ, ಕೈ ಆಡಿಸಿ ಇನ್ನೂ ಇಲ್ಲ ಎಂದೋ ತೋರಿಸುತ್ತಿದ್ದಳು. ಆ ವಾರ ನಾನು ಕಿಟಕಿಯಿಂದ ನೋಡಿದೆ. ದೇವೀರಿ ಕೇಳಿದಳು. ಕುಸುಮ ದಾರ ಕಚ್ಚಿ ತುಂಡರಿಸಿ, ತಲೆಯೆತ್ತಿ, ನಮ್ಮ ಜಗಲಿಯನ್ನು ಖಾಲಿ ಜಗಲಿಯನ್ನು ನೋಡುವ ಹಾಗೆ ನೋಡಿ, ಮತ್ತೆ ತುಳಿಯತೊಡಗಿದಳು. ದೇವೀರಿ ಸ್ವಲ್ಪ ಹೊತ್ತು ಬೆರಳು ಬಾಯಿಯ ಹತ್ತಿರವೇ ಹಿಡಿದುಕೊಂಡು ನಿಂತಿದ್ದಳು. ಆಮೇಲೆ ಅದೇ ಬೆರಳುಗಳಿಂದ ಕಂಬದ ಮೇಲಿನ ಧೂಳು ಒರೆಸಿದಳು.

ಅವಳಿಗೆ ಗೊತ್ತಾಗುತ್ತಿಲ್ಲ ಎಂದುಕೊಂಡೆ. ಇಪ್ಪತ್ತು ಮೂವತ್ತು ವರ್ಷ ಕಿವುಡಿಯಾಗಿ ಬಾಳಿದವಳಿಗೆ ಜನ ಮಾತಾಡಿಸದೆ ಹೋಗುವುದು ಹೊಸದಲ್ಲ. ನನಗೆ ಗೊತ್ತಾಗಿತ್ತು. ಹೂಂ ಹೋದ ಮನೆಯಲ್ಲಿ ಮರೆವು ಯಾರಿಂದ ಶುರುವಾಗುತ್ತದೆ ಎಂದು ಒಮ್ಮೆ ಅತ್ತೆಯನ್ನು ಕೇಳಿದ್ದೆ. ಮನೆಯವರು ಯಾರನ್ನು ಕಡಿಮೆ ನೋಡುತ್ತಾರೋ ಅವರಿಂದ, ಎಂದಿದ್ದರು ಅತ್ತೆ, ಬತ್ತಿ ಹೊಸೆಯುತ್ತಾ.

ಮರುದಿನ ಡಾಕ್ಟರ ಮಾತು ಮೀರಿ ಕೋಲು ಹಿಡಿದು ಬೀದಿಗಿಳಿದೆ. ಇಪ್ಪತ್ತಾರು ಮೆಟ್ಟಿಲು ಇಳಿಯುವುದರೊಳಗೆ ಕಣ್ಣಲ್ಲಿ ನೀರು ಬಂತು. ಏನಾದರೂ ಕಾಣಬೇಕಿತ್ತು. ಬಾಳೆಹಣ್ಣಿನವಳ ಮುಖ, ನಾಯಿಯ ಬಾಲ, ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿ ಸಸಿ, ಎಲ್ಲವನ್ನೂ ಕಳೆದ ಕಿವಿಯೋಲೆ ಹುಡುಕುವವಳ ಹಾಗೆ ದಿಟ್ಟಿಸಿದೆ. ಸಂಜೆ ಆ ಅರಳಿ ಸಸಿಯ ಬಗ್ಗೆ ಒಪ್ಪಿಸಿದೆ. ಮಾತು ಬಹಳ ಚೆನ್ನಾಗಿ ಬಂತು. ಮೂಲೆಯಲ್ಲಿ ಮಾತ್ರ ಒಂದು ತಣ್ಣನೆಯ ಸುಮ್ಮನಿರುವಿಕೆ, ನೀರಿಲ್ಲದ ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾದಂತೆ. ಕಣ್ಣು ತೆರೆಯಲು ಭಯವಾಯಿತು. ತೆರೆದು, ಮುಖ ಸಡಿಲ ಮಾಡಿದೆ.

ಅದಾದ ಐದನೆಯ ದಿನ ನಡೆದದ್ದನ್ನು ಬರೆಯಲು ಈಗಲೂ ಕೈ ಹಿಂದೇಟು ಹಾಕುತ್ತದೆ.

ದೇವೀರಿಗೆ ಬೆಳಗ್ಗೆಯಿಂದ ಸೊಂಟ ಹಿಡಿದುಕೊಂಡಿತ್ತು, ಅವತ್ತು ಅಡುಗೆ ನಾನು ಮಾಡಿದೆ. ಒಂದು ಪಾವು ಅಕ್ಕಿಗೆ ಬದಲು ಅರ್ಧ ಪಾವು ಹಾಕಿದೆ, ಯಾಕೆಂದು ಯೋಚಿಸಲಿಲ್ಲ. ಹೀರೇಕಾಯಿ ಹುಳಿ ಮಾಡಿದೆ. ಒಂದು ತಟ್ಟೆ ಹಾಕಿಕೊಂಡು ಊಟ ಮಾಡಿದೆ. ಮನೆ ಶಾಂತವಾಗಿತ್ತು. ಎಷ್ಟು ದಿನದ ಮೇಲೆ ಇಷ್ಟು ಹಾಯಾಗಿದೆ ಎಂದುಕೊಂಡದ್ದೂ ನೆನಪಿದೆ. ಪಾತ್ರೆ ತೊಳೆದೆ, ಮಲಗಿದೆ, ಗಾಢವಾಗಿ ನಿದ್ದೆ ಬಂತು. ಎದ್ದಾಗ ಐದು ಗಂಟೆಯಿರಬೇಕು, ಹಿತ್ತಲಿನ ಬಾಗಿಲಿಂದ ಬಿಸಿಲು ವಾರೆಯಾಗಿ ಅಡುಗೆಮನೆಗೆ ಬಿದ್ದಿತ್ತು. ತೊಳೆದ ತಟ್ಟೆಯನ್ನು ಎತ್ತಿಡಲು ಹೋದೆ. ಪಾತ್ರೆ ಸ್ಟ್ಯಾಂಡಿನಲ್ಲಿ ಇನ್ನೊಂದು ತಟ್ಟೆ ಇತ್ತು. ಒಣಗಿದ್ದು, ಅವತ್ತು ಬಳಸದೆ ಇದ್ದದ್ದು. ಇದು ಯಾರದು, ಯಾರಾದರೂ ತಿಂಡಿ ಕೊಟ್ಟ ತಟ್ಟೆ ವಾಪಸು ಮಾಡುವುದು ಮರೆತೆನೇ ಎಂದು ತಿರುಗಿಸಿ ನೋಡಿದೆ. ಅಂಚಿನಲ್ಲಿ ಹೆಸರು ಕೊರೆದಿತ್ತು. ದೇವೀರಮ್ಮ.

ಯಾವ ದೇವೀರಮ್ಮ ಎಂದು ಯೋಚಿಸಿದೆ.

ಬೀದಿಯಲ್ಲಿ ಆ ಹೆಸರಿನವರು ಯಾರಿದ್ದಾರೆಂದು ಒಂದೊಂದೇ ಮನೆ ನೆನೆದುಕೊಂಡು ಬಂದೆ. ಹಾಗೆ ನೆನೆಯುತ್ತಾ ತಿರುಗಿದಾಗ ಅಡುಗೆಮನೆಯ ಬಾಗಿಲ ಪಕ್ಕ, ದಿನಾ ಕೂರುವ ಮಣೆಯ ಮೇಲೆ, ಗೋಡೆಗೆ ಸೊಂಟ ಒತ್ತಿಕೊಂಡು, ಕೈ ಮಡಿಲಲ್ಲಿಟ್ಟುಕೊಂಡು ಅವಳು ಕೂತಿದ್ದಳು. ಮಧ್ಯಾಹ್ನ ನಾನು ಉಂಡ ಜಾಗಕ್ಕೂ ಅವಳಿಗೂ ನಡುವೆ ಎರಡು ಮಾರೂ ಇರಲಿಲ್ಲ.

ತಟ್ಟೆ ನನ್ನ ಕೈಯಿಂದ ಬಿತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

“ಎರಡು ಸಲ ಕರೆದೆ ಅಕ್ಕ,” ಎಂದಳು. ಅವಳ ದನಿ ಬಹಳ ದೂರದಿಂದ, ದಿಂಬಿನ ಒಳಗಿಂದ ಬಂದ ಹಾಗಿತ್ತು. “ನೀವು ತಿರುಗಲಿಲ್ಲ. ನನ್ನ ಹಾಗೆ ನಿಮಗೂ ಕಿವಿ ಹೋಯ್ತೇನೋ ಅಂತ ಹೆದರಿಬಿಟ್ಟೆ. ಈ ವಯಸ್ಸಲ್ಲಿ ನಿಮಗೆ ತಡೆಯೋಕೆ ಆಗಲ್ಲ.”

ಹಸಿದು ಕೂತವಳು ನನ್ನ ಕಿವಿಗಾಗಿ ಹೆದರಿದ್ದಳು.

ಅಕ್ಕಿ ತೊಳೆಯುತ್ತೇನೆಂದು ಡಬ್ಬಿಯ ಹತ್ತಿರ ಹೋದೆ. ಮುಚ್ಚಳ ತೆಗೆದು ನಿಂತೆ. ಯಾಕೆ ಬಂದೆ ಎಂದು ನೆನಪಾಗಲಿಲ್ಲ. ಮುಚ್ಚಿ ಈಚೆ ಬಂದರೆ ಅವಳು ಕಂಡಳು, ಮತ್ತೆ ಹೋದೆ. ಎರಡನೆಯ ಸಲವೂ ಪಾವು ಕೈಯಲ್ಲಿ ಹಿಡಿದುಕೊಂಡು, ಅಕ್ಕಿಯಲ್ಲಿ ಹುಳ ಬಿದ್ದಿದೆಯೇ ನೋಡಲು ಬಂದೆನೇನೋ ಎಂದು ಎರಡು ಕಾಳು ಆರಿಸಿ ವಾಪಸು ಬಂದೆ. ಆಗ ಗೊತ್ತಾಯಿತು. ಅವಳ ಮೇಲಿನಿಂದ ಕಣ್ಣು ತೆಗೆದರೆ ಅವಳು ಇಲ್ಲ. ಇನ್ನೊಂದು ರಾತ್ರಿ ಕಳೆದರೆ ಕಣ್ಣಿಟ್ಟರೂ ಇರಲಾರಳು. ನಾಳೆ ಬೆಳಗ್ಗೆ ನಾನು ಕಾಲು ಲೀಟರು ಹಾಲು ಸಾಕು ಎಂದು ಪುಟ್ಟತಾಯಿಗೆ ಹೇಳುತ್ತೇನೆ, ಈ ಮಣೆ ಇಲ್ಲಿ ಯಾಕಿದೆ ಎಂದು ಎತ್ತಿ ಅಟ್ಟಕ್ಕೆ ಹಾಕುತ್ತೇನೆ, ಅವಳು ಕರೆಯುತ್ತಲೇ ಇರುತ್ತಾಳೆ.

ಅವಳ ಎದುರು ನೆಲದಲ್ಲೇ ಕೂತೆ. ಕಣ್ಣು ಕದಲಿಸಲಿಲ್ಲ. ತುಟಿ ಓದಲು ಬರಲಿ ಎಂದು ಬಿಡಿಬಿಡಿಯಾಗಿ, ಮೂಲೆ ಇಪ್ಪತ್ತು ದಿನದಿಂದ ಹೂಂ ಅಂದಿಲ್ಲ, ನಾನು ನಿನಗೆ ಸುಳ್ಳು ಮುಖ ತೋರಿಸುತ್ತಿದ್ದೆ ಎಂದೆ.

“ಗೊತ್ತು,” ಎಂದಳು ದೇವೀರಿ.

ಹೇಗೆ ಎಂದು ಕೈ ತಿರುಗಿಸಿ ಕೇಳಿದೆ.

“ಹೂಂ ಬಂದಾಗ ದೀಪದ ಕುಡಿ ಒಂದು ಸಲ ತಲೆದೂಗುತ್ತೆ ಅಕ್ಕ. ನೀವು ಕಣ್ಣು ಮುಚ್ಕೊಂಡು ಒಪ್ಪಿಸ್ತೀರಿ, ಎಲ್ಲಿ ಕಾಣಬೇಕು. ನಾನು ಮೊದಲಿಂದ ದೀಪಾನೇ ನೋಡೋದು. ನಿಮ್ಮ ಮುಖ ನೋಡ್ತೀನಿ ಅಂದ್ಕೊಂಡಿದ್ರಾ?”

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಹೇಳಿದರೆ ನಿಮಗೆ ಅವಮಾನ ಆಗುತ್ತಿತ್ತು, ಓದಿದವರು, ಇವತ್ತಲ್ಲ ನಾಳೆ ಸರಿಮಾಡುತ್ತೀರಿ ಎಂದು ಸುಮ್ಮನಿದ್ದೆ, ಎಂದಳು. ನಿನ್ನನ್ನು ಜನ ಮರೆಯುತ್ತಿರುವುದು ಗೊತ್ತಿತ್ತೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವಳು ಬೆರಳಿನ ಸೆರಗು ನೋಡುತ್ತಿದ್ದ ರೀತಿಯಲ್ಲಿ ಉತ್ತರ ಇತ್ತು.

ಹೊರಗೆ ಬೆಳಕು ಕಂದುತ್ತಿತ್ತು. ಬೀದಿಯಲ್ಲಿ ಮನೆಮನೆಯ ಬಾಗಿಲು ತೆರೆಯುವ ಸದ್ದು. ಅವಳು ಮಂಡಿಗೆ ಕೈಯೂರಿ ಎದ್ದಳು. ನಾನೂ ಎದ್ದು, ಕಣ್ಣು ಕಳಚದಂತೆ ಹಿಂದೆಯೇ ನಡೆದೆ. ಅವಳು ಏನೇನು ಮಾಡುತ್ತಾಳೆಂದು ಅವಳು ಈ ಮನೆಗೆ ಬಂದಾಗಿನಿಂದ ನಾನು ಮೊದಲ ಸಲ ನೋಡಿದ್ದು ಅವತ್ತು. ಬೇರೆ ದಾರಿಯಿಲ್ಲದೆ ನೋಡಿದ್ದು. ಅವಳು ಹೊಸ್ತಿಲಿಗೆ ಹೋಗಿ ಬಗ್ಗಿ, ಸೊಂಟ ಹಿಡಿದುಕೊಂಡೇ, ನನ್ನ ಚಪ್ಪಲಿಗಳನ್ನು ಹೊರಮುಖವಾಗಿ ತಿರುಗಿಸಿದಳು. ನಾನು ಹಾಗೇ ಬಿಟ್ಟಿರುತ್ತೇನೆ ಎಂದುಕೊಂಡಿದ್ದೆ. ಬೆಳಗ್ಗೆ ಎದ್ದು ಕಾಲಿಟ್ಟರೆ ಚಪ್ಪಲಿ ಸರಿಯಾಗಿ ಸಿಗುತ್ತಿತ್ತು, ಅದು ಚಪ್ಪಲಿಯ ಸ್ವಭಾವವೇನೋ ಎಂಬಂತೆ. ಕೋಲನ್ನು ಮೂಲೆಯ ಮುಂದಿನ ಮಣೆಯ ಎಡಗಡೆಗೆ ಒರಗಿಸಿದಳು. ಏಳುವಾಗ ನನ್ನ ಕೈ ಬೀಳುವುದು ಅಲ್ಲಿಯೇ. ಮುರಿದ ಹೇರ್‌ಪಿನ್ನಿನಿಂದ ಬತ್ತಿಯ ಕರಿ ಕಿತ್ತಳು. ಎಣ್ಣೆ ಹಾಕಿದಳು, ಬೆರಳಿಗಂಟಿದ ಎಣ್ಣೆಯನ್ನು ತನ್ನ ಮುಂಗೈಗೆ ಒರೆಸಿಕೊಂಡಳು. ನನ್ನ ಮಣೆಯ ಮೇಲೆ ಕೈಯಾಡಿಸಿ ತಣ್ಣಗಿದೆಯೆಂದು ಹಳೇ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಕಿದಳು. ಹೊಟ್ಟೆಗಿಲ್ಲದೆ ಬೆಳಗಿನಿಂದ ಇದ್ದವಳು. ಯಾವುದನ್ನೂ ಯೋಚಿಸಿ ಮಾಡುತ್ತಿರಲಿಲ್ಲ. ಕೈಗಳು ತಾವಾಗಿ ಹೋಗಿ ಬರುತ್ತಿದ್ದವು.

ದೀಪ ಹಚ್ಚಿ, ತನ್ನ ಜಾಗದಲ್ಲಿ ಕೂತಳು.

ನಾನು ಮಣೆಯ ಮೇಲೆ ಕೂತೆ. ಮೂಲೆಯತ್ತ ತಿರುಗಿದರೆ ಅವಳು ಕಣ್ಣಿನಿಂದ ಹೋಗುತ್ತಾಳೆ. ತಿರುಗಲಿಲ್ಲ. ನಮ್ಮೂರಿನಲ್ಲಿ ಯಾರೂ, ಹುಡುಗಾಟಕ್ಕೂ, ಮಾಡದ ಕೆಲಸವನ್ನು ಮಾಡಿದೆ. ಮೂಲೆಗೆ ಬೆನ್ನು ಹಾಕಿ ಕೂತೆ. ಬೆನ್ನ ಹಿಂದೆ ಆ ಖಾಲಿ ಜಾಗ ದೊಡ್ಡದಾಗುತ್ತಾ ಬಂದ ಹಾಗೆ, ಅದರ ಅಂಚು ನನ್ನ ಜಡೆಯನ್ನು ಮುಟ್ಟುತ್ತಿರುವ ಹಾಗೆ ಅನ್ನಿಸಿತು. ದೇವೀರಿ ಗಾಬರಿಯಿಂದ, ಅಕ್ಕ, ಆ ಕಡೆ ತಿರುಗಿ ಎಂದು ಕೈಸನ್ನೆ ಮಾಡಿದಳು.

ನಾನು ಅವಳ ಮುಖ ನೋಡಿಕೊಂಡೇ ಒಪ್ಪಿಸಿದೆ. ಮಾತು ಚೆನ್ನಾಗಿ ಬರಲಿಲ್ಲ. ಈ ಮನೆಯಲ್ಲಿ ದೇವೀರಿ ಅಂತ ಒಬ್ಬಳಿದ್ದಾಳೆ ಎಂದು ಶುರುಮಾಡಿದೆ. ಚಪ್ಪಲಿ ತಿರುಗಿಸಿಡುತ್ತಾಳೆ ಎಂದೆ. ಕೋಲು ಎಡಕ್ಕೆ ಇಡುತ್ತಾಳೆ ಎಂದೆ. ನಾನು ಇದನ್ನು ಎಷ್ಟು ವರ್ಷದಿಂದ ನೋಡಿಲ್ಲ ಎಂದು ಲೆಕ್ಕ ಹಾಕಲು ಹೋಗಿ ತಪ್ಪಿ, ಮತ್ತೆ ಹೇಳಿ, ಮತ್ತೆ ತಪ್ಪಿದೆ. ಮಧ್ಯಾಹ್ನ ಒಬ್ಬಳೇ ಉಂಡೆ, ಹೀರೇಕಾಯಿ ಹುಳಿ ಎಂದೆ. ಅವಳು ನನ್ನ ಕಿವಿ ಹೋಯಿತೆಂದು ಹೆದರಿಕೊಂಡಳು. ನನ್ನ ಸುಳ್ಳು ಅವಳಿಗೆ ಗೊತ್ತಿತ್ತು, ನನಗೆ ನಾಚಿಕೆಯಾಗಬಾರದೆಂದು ಎದ್ದು ಒಲೆಯತ್ತ ಹೋಗುತ್ತಿದ್ದಳು, ಇಪ್ಪತ್ತು ಸಂಜೆ. ಮುರಿದ ಹೇರ್‌ಪಿನ್ನು, ಎಂದೆ. ಅದರ ಮುಂದೆ ಏನು ಹೇಳಬೇಕೆಂದು ಹೊಳೆಯದೆ ಮೂರು ಸಲ ಹೇರ್‌ಪಿನ್ನು ಎಂದೆ.

ದೇವೀರಿ ನನ್ನ ತುಟಿಯನ್ನೇ ನೋಡುತ್ತಿದ್ದಳು. ಮೂರನೆಯ ಹೇರ್‌ಪಿನ್ನಿಗೆ ಅವಳಿಗೆ ನಗು ಬಂತು. ಕಿವಿಯಿಲ್ಲದವಳ ನಗು, ತನಗೆ ತಾನೇ ಕೇಳಿಸದ್ದರಿಂದ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಮನೆ ತುಂಬಿ ಹರಿಯುವ ನಗು. ಇಷ್ಟೇನಾ ಅಕ್ಕ, ಬಿ.ಎ. ಓದಿ ಇಷ್ಟೇನಾ ಒಪ್ಪಿಸೋಕೆ ಬರೋದು ಎಂದು ಸೊಂಟ ಹಿಡಿದುಕೊಂಡು ನಕ್ಕಳು, ನೋವಿಗೆ ಅಯ್ಯೋ ಎಂದಳು, ಮತ್ತೆ ನಕ್ಕಳು. ನಾನು ಅಳುತ್ತಿದ್ದೆ.

ಆ ಗದ್ದಲದಲ್ಲಿ ಮೂಲೆ ಏನಾದರೂ ಅಂದಿದ್ದರೆ ನನಗೆ ಕೇಳಿಸಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು, ದೀಪದ ಕುಡಿಯನ್ನು ನೋಡಿರಲಿಲ್ಲ. ನನ್ನ ಕಣ್ಣಲ್ಲಿ ನೀರಿತ್ತು, ಅತ್ತು ಮೂಗೂ ಕಟ್ಟಿತ್ತು. ನಗು ನಿಂತ ಮೇಲೆ ಇಬ್ಬರೂ ಇದನ್ನು ಒಟ್ಟಿಗೇ ನೆನಪಿಸಿಕೊಂಡು ಒಬ್ಬರ ಮುಖ ಒಬ್ಬರು ನೋಡಿದೆವು. ನೀವು ಕೇಳಿಸಿಕೊಂಡಿರಾ ಎಂದು ಅವಳ ಹುಬ್ಬು ಕೇಳಿತು. ನೀನು ನೋಡಿದೆಯಾ ಎಂದು ನಾನು ಕೇಳಿದೆ. ದೀಪ ನೆಟ್ಟಗೆ ಉರಿಯುತ್ತಿತ್ತು. ಎರಡನೆಯ ಸಲ ಒಪ್ಪಿಸುವಂತಿಲ್ಲ, ಆ ದಿನಕ್ಕೆ ಅಷ್ಟೆ. ಹಿಂದಿರುಗಿ ಮೂಲೆಯನ್ನು ನೋಡಲು ನನಗೆ ಧೈರ್ಯವಿರಲಿಲ್ಲ. ಕಣ್ಣು ಮಿಟುಕಿಸಲೂ ಭಯ. ಅವಳ ಕೈ ಹಿಡಿದುಕೊಂಡೆ. ಆ ಕೈ ಬಹಳ ತಣ್ಣಗಿತ್ತು, ಮುಂಗೈ ಮಾತ್ರ ಎಣ್ಣೆಯಿಂದ ಜಾರುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತೆವೋ ತಿಳಿಯದು. ಬೀದಿಯ ಮನೆಗಳಿಂದ ಒಂದಾದ ಮೇಲೊಂದು ಒಪ್ಪಿಸಿ ಮುಗಿಸಿದವರ ಮಾತು, ಪಾತ್ರೆ, ಮಕ್ಕಳ ಜಗಳ ಕೇಳತೊಡಗಿತು. ಅವು ಹತ್ತಿರದಿಂದ ಕೇಳುತ್ತಿವೆಯೋ ದೂರದಿಂದಲೋ ಎಂದು ತೂಗಿ ನೋಡಿದೆ, ನಿರ್ಧರಿಸಲು ಆಗಲಿಲ್ಲ.

ಎದುರುಮನೆಯ ಹೊಲಿಗೆ ಯಂತ್ರ ನಿಂತಿತು.

ಚಪ್ಪಲಿಯ ಸದ್ದು ಬೀದಿ ದಾಟಿ, ನಮ್ಮ ಜಗಲಿ ಹತ್ತಿ, ಬಾಗಿಲಿಗೆ ಬಂತು. ಕುಸುಮ. ಕೊರಳಲ್ಲಿ ಅಳತೆಯ ಟೇಪು ಇನ್ನೂ ಇತ್ತು, ಸೆರಗಿನಲ್ಲಿ ನೂಲಿನ ಚೂರುಗಳಿದ್ದವು. ಒಂದು ತಟ್ಟೆಯ ಮೇಲೆ ಇನ್ನೊಂದನ್ನು ಕವುಚಿ ತಂದಿದ್ದ ಊಟ ಕೈಯಲ್ಲಿತ್ತು, ಅಂಚಿನಿಂದ ಹಬೆ ಹೊರಡುತ್ತಿತ್ತು. ಬಾಗಿಲಿಗೆ ಹತ್ತಿರ ಕೂತವಳು ನಾನು. ಕೈ ಚಾಚಿದೆ. ಅವಳು ನಿಮಗಲ್ಲ ಎಂದು ನನಗೆ ತಲೆಯಾಡಿಸಿ, ನನ್ನ ಕೈ ದಾಟಿ ಒಳಗೆ ಬಂದಳು, ಬಗ್ಗಿದಳು, ಬಿಸಿಯಿದೆ ಎಂದು ಕಣ್ಣಲ್ಲೇ ಹೇಳಿ, ತಟ್ಟೆಯನ್ನು ದೇವೀರಿಯ ಎರಡು ಕೈಗಳೊಳಗೆ ಇಟ್ಟಳು.